ಸಂದರ್ಶನಕ್ಕೆ ಮುನ್ನ ಕೊಟ್ಟಿಗೆಗೆ



ಸೊರಬ, ಶಿಕಾರಿಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ, ಹೊಸಬಾಳೆಯಂಥ ಊರುಗಳಲ್ಲಿ, ಕೊಟ್ಟಿಗೆಯ ನಡುವೆಯೇ ಬೆಳೆದ ಮಕ್ಕಳು ಇಂದು ಪದವಿಪೂರ್ವ ಶಿಕ್ಷಣವನ್ನೋ ಡಿಪ್ಲೊಮಾವನ್ನೋ ಮುಗಿಸಿ ಉದ್ಯೋಗವನ್ನು ಅರಸುತ್ತಿದ್ದಾರೆ. ಪಶು ಆಸ್ಪತ್ರೆಯಲ್ಲಿ ಸಹಾಯಕರು, ಹೈನುಗಾರಿಕೆಯ ಫಾರಂಗಳಲ್ಲಿ ಮೇಲ್ವಿಚಾರಕರು, ಶಿವಮೊಗ್ಗೆಯ ಬಳಿಯ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದಂಥ ಕಡೆ ಪ್ರಾಣಿಪಾಲಕರು, ಬೆಂಗಳೂರಿನ ನಾಯಿ-ಬೆಕ್ಕುಗಳ ಚಿಕಿತ್ಸಾಲಯಗಳಲ್ಲಿ ಶುಶ್ರೂಷಕರು – ಹೀಗೆ ಪ್ರಾಣಿಗಳ ಆರೈಕೆಯೇ ಕಸುಬಾಗಿರುವ ಕೆಲಸಗಳು ಹಲವು. ಒಂದು ದಿನ ಸಂದರ್ಶನಕ್ಕೆ ಕರೆ ಬರುತ್ತದೆ. ಮನೆಯಲ್ಲಿ ಸಂಭ್ರಮ, ಅದರ ಬೆನ್ನಿಗೇ ಕಳವಳ. ತಾಯಿ ಅಂಗಿಗೆ ಇಸ್ತ್ರಿ ಹಾಕಿಸುತ್ತಾಳೆ; ತಂದೆ ಬಸ್ಸಿನ ಹೊತ್ತು ವಿಚಾರಿಸುತ್ತಾನೆ; ಚಿಕ್ಕಪ್ಪ 'ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ' ಎಂದು ಕೇಳುತ್ತಾನೆ. ಅಜ್ಜಿ ಮಾತ್ರ, 'ಇಷ್ಟು ಓದಿಸಿದ್ದು ಕಡೆಗೂ ಸಗಣಿ ಬಾಚುವುದಕ್ಕೋ?' ಎಂದು ನಿಟ್ಟುಸಿರು ಬಿಡುತ್ತಾಳೆ. ಹೋಗಬೇಕಾದ ಮಗನಿಗೋ ಮಗಳಿಗೋ ಇರುವ ಚಿಂತೆ ಒಂದೇ: ಅಲ್ಲಿ ಏನು ಕೇಳುತ್ತಾರೆ, ನಾನು ಏನು ಹೇಳಲಿ?

ಈ ಚಿಂತೆಯೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ. ಸಂದರ್ಶನಕ್ಕೆ ಸಿದ್ಧರಾಗುವುದು ಎಂದರೇನು? ನಾವು ಇರುವುದಕ್ಕಿಂತ ಚೆನ್ನಾಗಿ ಕಾಣಿಸಿಕೊಳ್ಳುವ ತಯಾರಿಯೇ ಅದಾದರೆ, ಅದು ಸುಳ್ಳಿಗೆ ಹತ್ತಿರವಾದದ್ದಲ್ಲವೇ? ಹಾಗೆಂದು ಯಾವ ತಯಾರಿಯೂ ಇಲ್ಲದೆ ಹೋಗಿ ಕುಳಿತರೆ ಅದನ್ನು ಪ್ರಾಮಾಣಿಕತೆ ಎನ್ನೋಣವೇ, ಸೋಮಾರಿತನ ಎನ್ನೋಣವೇ? ಬೇರೆ ಉದ್ಯೋಗಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ, ನಿಜ. ಆದರೆ ಪ್ರಾಣಿಗಳ ಆರೈಕೆಯ ಕೆಲಸದಲ್ಲಿ ಅದಕ್ಕೊಂದು ವಿಶೇಷ ತೂಕವುಂಟು.

ಹೇಗೆಂದು ನೋಡಿ. ಆಸ್ಪತ್ರೆಯಲ್ಲಿ ದಾದಿ ಅಲಕ್ಷ್ಯ ಮಾಡಿದರೆ ರೋಗಿ ದೂರು ಹೇಳಬಲ್ಲ. ಶಾಲೆಯಲ್ಲಿ ಶಿಕ್ಷಕರು ಪಾಠ ಮಾಡದಿದ್ದರೆ ಮಗು ಮನೆಗೆ ಬಂದು ತಾಯಿಗೆ ತಿಳಿಸಬಲ್ಲದು. ಆದರೆ ಪಂಜರದೊಳಗಿನ ನಾಯಿಗೆ ರಾತ್ರಿಯಿಡೀ ನೀರಿಲ್ಲದೆ ಹೋದರೆ ಬೆಳಿಗ್ಗೆ ಅದು ಯಾರಿಗೂ ಹೇಳಲಾರದು. ಕರು ಹಾಕಿದ ಹಸುವಿಗೆ ಮಾಸು ಬೀಳಲಿಲ್ಲವೆಂಬುದನ್ನು ನೋಡಿಕೊಳ್ಳುವವನು ಗಮನಿಸದಿದ್ದರೆ ಆ ಹಸು ಅರ್ಜಿ ಬರೆಯಲಾರದು. ನಾವು ಸಂದರ್ಶನದಲ್ಲಿ ಆಡುವ ಮಾತನ್ನು ಮೇಜಿನ ಆಚೆ ಕುಳಿತ ಮೂರು-ನಾಲ್ಕು ಜನ ಕೇಳುತ್ತಾರೆ. ಆದರೆ ಆ ಮಾತನ್ನು ನಂಬಿ ತನ್ನ ಜೀವವನ್ನು ನಮ್ಮ ಕೈಗೆ ಒಪ್ಪಿಸಬೇಕಾದದ್ದು ಆ ಕೋಣೆಯಲ್ಲಿಲ್ಲದ ಒಂದು ಮೂಕಜೀವಿ. ಆದುದರಿಂದ ಅಲ್ಲಿ ಹೇಳುವ ಸತ್ಯವಾಗಲಿ ಸುಳ್ಳಾಗಲಿ, ಕಡೆಗೆ ತಲುಪುವುದು ಅದಕ್ಕೇ. ಸಂದರ್ಶನವೆಂದರೆ ಚೆನ್ನಾಗಿ ಕಾಣುವುದು. ಮರೆಮಾಚಿದ ಮುಖವನ್ನು ಚೆನ್ನಾಗಿ ಕಾಣುವುದು ಯಾರಿಗೂ ಸಾಧ್ಯವಿಲ್ಲ.

ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ಥಾಮಸ್ ಅಕ್ವಿನಾಸರು ಸತ್ಯವಂತಿಕೆಯನ್ನು ಒಂದು ಸದ್ಗುಣವೆಂದು ವಿವೇಚಿಸುತ್ತಾರೆ. ಅರಿಸ್ಟಾಟಲನ ಜಾಡಿನಲ್ಲಿ ಸಾಗುತ್ತಾ, ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾತಿನಲ್ಲಿ ಮನುಷ್ಯ ಎರಡು ಬದಿಗೆ ಜಾರಬಹುದೆಂದು ಅವರು ತೋರಿಸುತ್ತಾರೆ. ಒಂದು, ಇಲ್ಲದ್ದನ್ನು ಇದೆಯೆನ್ನುವ ಬಡಾಯಿ. ಇನ್ನೊಂದು, ಇರುವುದನ್ನು ಇಲ್ಲವೆನ್ನುವ ಹುಸಿ ದೈನ್ಯ. ಮೊದಲನೆಯದು ತಪ್ಪೆಂದು ನಮಗೆಲ್ಲ ಗೊತ್ತು. ಎರಡನೆಯದೂ ಸತ್ಯಕ್ಕೆ ಎರವಾದದ್ದೇ ಎಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ; ಅದನ್ನು ನಾವು ವಿನಯವೆಂದು ತಪ್ಪಾಗಿ ಭಾವಿಸಿಬಿಡುತ್ತೇವೆ.

ಬಡಾಯಿಯನ್ನು ಮೊದಲು ನೋಡೋಣ. ಕೆಲಸವನ್ನೇ ಮಾಡದ ಕಡೆಯಿಂದ ಎರಡು ವರ್ಷದ ಅನುಭವಪತ್ರ ತರುವುದು, ಒಮ್ಮೆಯೂ ಸೂಜಿ ಹಿಡಿಯದೆ 'ಇಂಜೆಕ್ಷನ್ ಕೊಡಬಲ್ಲೆ' ಎನ್ನುವುದು, 'ಎಲ್ಲ ಜಾತಿಯ ನಾಯಿಗಳನ್ನೂ ನಿಭಾಯಿಸಿದ್ದೇನೆ' ಎನ್ನುವುದು – ಇವೆಲ್ಲ ಇಂದು ಜಾಣತನವೆನಿಸಿಕೊಳ್ಳುತ್ತಿವೆ. ಆದರೆ ಹಿಂಗಾಲಿನ ಮೇಲ್ಭಾಗದಲ್ಲಿ ತಪ್ಪು ಜಾಗಕ್ಕೆ ಸೂಜಿ ಚುಚ್ಚಿದರೆ ಅಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿ ಪ್ರಾಣಿ ಕುಂಟಾಗಬಹುದು. ಬಡಾಯಿಯ ದಂಡವನ್ನು ತೆರುವುದು ಬಡಾಯಿಕೋರನಲ್ಲ, ಆ ಪ್ರಾಣಿ. ಚಿಕಿತ್ಸೆ ನೀಡುವುದು ನೋಂದಾಯಿತ ಪಶುವೈದ್ಯರ ಹೊಣೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಉದ್ದೇಶವೂ ಅದೇ. ಹಾಗಾಗಿ 'ಇದು ನನಗೆ ತಿಳಿಯದು, ಡಾಕ್ಟರನ್ನು ಕೇಳಿ ಅವರು ಹೇಳಿದಂತೆ ಮಾಡುತ್ತೇನೆ' ಎಂಬ ಉತ್ತರಕ್ಕೆ ನಾಚಬೇಕಾಗಿಲ್ಲ. ಆರೈಕೆಯ ಕೆಲಸದಲ್ಲಿ ತನ್ನ ಮಿತಿಯನ್ನು ಬಲ್ಲವನೇ ಹೆಚ್ಚು ಭರವಸೆಗೆ ಅರ್ಹ.

ಧರ್ಮಕೇಂದ್ರದ ಗುರುಗಳ ಬಳಿ ಗುಣನಡತೆಯ ಪತ್ರ ಕೇಳಿಕೊಂಡು ಬರುವವರೂ ಉಂಟು. ಅದು ತಪ್ಪಲ್ಲ. ಆದರೆ ಗುರುಗಳ ಪತ್ರವೂ ಒಂದು ಸಾಕ್ಷ್ಯ, ಸುಳ್ಳು ಸಾಕ್ಷ್ಯ ಹೇಳಬಾರದೆಂಬ ದೇವರ ಕಟ್ಟಳೆ ಗುರುಗಳಿಗೂ ಅನ್ವಯಿಸುತ್ತದೆ. ಭಾನುವಾರದ ಬಲಿಪೂಜೆಗೆ ಬರುವುದನ್ನು ಕಂಡವರು ಬಲಿಪೂಜೆಗೆ ಬರುತ್ತಾನೆಂದು ಬರೆಯಬಹುದು. ಹಸುವಿನ ಆರೈಕೆಯಲ್ಲಿ ನುರಿತವನೆಂದು ಬರೆಯಬೇಕಾದರೆ ಅದನ್ನೂ ಕಂಡಿರಬೇಕು. ಕಾಣದ್ದನ್ನು ಬರೆಯಿರೆಂದು ಒತ್ತಾಯಿಸಿದರೆ, ಮಗನ ಒಳಿತಿಗಾಗಿ ಇನ್ನೊಬ್ಬರ ಬಾಯಿಂದ ಸುಳ್ಳು ಹೇಳಿಸಿದಂತೆ.

ಇನ್ನು ಹುಸಿ ದೈನ್ಯ. ನಮ್ಮ ಮಲೆನಾಡಿನ ಮಕ್ಕಳಲ್ಲಿ ಬಡಾಯಿಗಿಂತ ಇದೇ ಹೆಚ್ಚು. 'ನಿಮಗೆ ಏನು ಅನುಭವವಿದೆ?' ಎಂದು ಕೇಳಿದೊಡನೆ ತಲೆ ತಗ್ಗಿಸಿ 'ಏನೂ ಇಲ್ಲ ಸರ್' ಎಂದುಬಿಡುತ್ತಾರೆ. ನಿಜವಾಗಿ ಏನೂ ಇಲ್ಲವೇ? ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ, ಅದರ ಮೂತಿ ಒಣಗಿದ್ದರೆ, ಮೈ ಸರಿಯಿಲ್ಲವೆಂದು ಅವರಿಗೆ ಗೊತ್ತು. ಹುಟ್ಟಿದ ಕರುವಿಗೆ ಮೊದಲ ಕೆಲವು ಗಂಟೆಗಳೊಳಗೆ ಗಿಣ್ಣುಹಾಲು ಕುಡಿಸಲೇಬೇಕೆಂದು ಗೊತ್ತು; ರೋಗನಿರೋಧಕ ಶಕ್ತಿ ಕರುವಿಗೆ ದೊರೆಯುವುದು ಅದರಿಂದಲೇ. ಹಸು ಸುಮಾರು 280 ದಿನಕ್ಕೆ, ಎಮ್ಮೆ ಅದಕ್ಕಿಂತ ಸುಮಾರು ಒಂದು ತಿಂಗಳು ತಡವಾಗಿ ಕರು ಹಾಕುತ್ತದೆಂದು, ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕೆಂದು ಗೊತ್ತು. ಗಾತ್ರದಲ್ಲಿ ಚಿಕ್ಕದಾದರೂ ನಮ್ಮ ಮಳೆಯನ್ನೂ ಗುಡ್ಡವನ್ನೂ ತಾಳಿಕೊಳ್ಳುವ ಮಲೆನಾಡು ಗಿಡ್ಡ ತಳಿಯ ಸ್ವಭಾವ ಗೊತ್ತು. ಇದನ್ನೆಲ್ಲ ಕಾಲೇಜಿನಲ್ಲಿ ಕಲಿಯಲಿಲ್ಲ, ಅಮ್ಮನ ಹಿಂದೆ ಬರಿಗಾಲಲ್ಲಿ ಓಡಾಡಿ ಕಲಿತದ್ದು ಎಂಬ ಒಂದೇ ಕಾರಣಕ್ಕೆ ಇದು ವಿದ್ಯೆಯಲ್ಲವೆಂದು ಎಣಿಸುತ್ತಾರೆ. ಹಾಗೆ ಎಣಿಸುವುದು ದೇವರು ಕೊಟ್ಟದ್ದನ್ನೂ ತಾಯಿ ಕಲಿಸಿದ್ದನ್ನೂ ಅಲ್ಲಗಳೆದಂತೆ.

ಪವಿತ್ರ ಬೈಬಲಿನಲ್ಲಿ ಇದಕ್ಕೊಂದು ಸುಂದರ ನಿದರ್ಶನವಿದೆ. ಸಮುವೇಲನ ಮೊದಲನೆಯ ಗ್ರಂಥದ ಹದಿನೇಳನೆಯ ಅಧ್ಯಾಯವನ್ನು ತೆರೆದು ನೋಡಿ. ಗೊಲಿಯಾತನನ್ನು ಎದುರಿಸಲು ಮುಂದೆ ಬಂದ ಬಾಲಕ ದಾವೀದನನ್ನು ಅರಸ ಸೌಲನು ಪ್ರಶ್ನಿಸುತ್ತಾನೆ. ಅದೊಂದು ಸಂದರ್ಶನವೇ ಸರಿ. ದಾವೀದನು ತನಗೆ ಯುದ್ಧ ಗೊತ್ತೆಂದು ಕೊಚ್ಚಿಕೊಳ್ಳುವುದಿಲ್ಲ, ನಾನು ಬರೀ ಕುರಿಕಾಯುವವನೆಂದು ಕುಗ್ಗುವುದೂ ಇಲ್ಲ. ಸಿಂಹವೋ ಕರಡಿಯೋ ಬಂದು ಕುರಿಮರಿಯನ್ನು ಕಚ್ಚಿಕೊಂಡು ಹೋದಾಗ ಬೆನ್ನಟ್ಟಿ ಅದರ ಬಾಯಿಂದ ಬಿಡಿಸಿದ್ದನ್ನು ನಡೆದದ್ದು ನಡೆದಂತೆ ಹೇಳುತ್ತಾನೆ. ಆಮೇಲೆ ಸೌಲನು ತನ್ನ ಯುದ್ಧಕವಚವನ್ನೇ ಅವನಿಗೆ ತೊಡಿಸುತ್ತಾನೆ. ದಾವೀದನಿಗೆ ಅದನ್ನು ತೊಟ್ಟು ನಡೆದು ಅಭ್ಯಾಸವಿಲ್ಲ. ಅದನ್ನು ಕಳಚಿಟ್ಟು, ತಾನು ಬಲ್ಲ ಕೋಲನ್ನೂ ಕವಣೆಯನ್ನೂ ಹಿಡಿದು ಹೊರಡುತ್ತಾನೆ. ಮಾರ್ಗದರ್ಶಿ ಪುಸ್ತಕಗಳಿಂದಲೂ ಮೊಬೈಲಿನಿಂದಲೂ ಬಾಯಿಪಾಠ ಮಾಡಿಕೊಂಡ ಉತ್ತರಗಳು ಸೌಲನ ಕವಚದಂತೆ. ನೋಡಲು ಭಾರಿಯಾಗಿರುತ್ತವೆ, ತೊಟ್ಟವನು ಎರಡು ಹೆಜ್ಜೆ ನಡೆಯಲಾರ. ಎರಡನೆಯ ಪ್ರಶ್ನೆಗೇ ಅವು ಕಳಚಿ ಬೀಳುತ್ತವೆ.

'ನೀವು ಪ್ರಾಣಿಗಳನ್ನು ಪ್ರೀತಿಸುತ್ತೀರಾ?' ಈ ಪ್ರಶ್ನೆ ಬಂದೇ ಬರುತ್ತದೆ, ಎಲ್ಲರೂ ಹೌದೆಂದೇ ಹೇಳುತ್ತಾರೆ. ಆ 'ಹೌದು' ಎಂಬುದಕ್ಕೆ ಬೆಲೆ ಎಷ್ಟು? ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಅಬ್ರಹಾಮನ ಸೇವಕನು ಇಸಾಕನಿಗೆ ಹೆಣ್ಣು ಹುಡುಕುತ್ತಾ ಹತ್ತು ಒಂಟೆಗಳೊಡನೆ ಬಾವಿಯ ಬಳಿ ನಿಂತಿದ್ದಾನೆ. ರೆಬೆಕ್ಕಳಿಗೆ ಅವನು ಒಂಟೆಗಳ ಮೇಲೆ ಪ್ರೀತಿಯಿದೆಯೇ ಎಂದು ಕೇಳಲಿಲ್ಲ. ಅವಳು ಅವನಿಗೆ ನೀರು ಕೊಟ್ಟು, ಕೇಳದೆಯೇ ಕೊಡವನ್ನು ತೊಟ್ಟಿಗೆ ಸುರಿದು, ಮತ್ತೆ ಮತ್ತೆ ಬಾವಿಗೆ ಓಡಿ ಒಂಟೆಗಳಿಗೆಲ್ಲ ಸಾಕಾಗುವಷ್ಟು ಸೇದಿ ಹಾಕಿದಳು. ಅವನೋ ಮೌನವಾಗಿ ನೋಡುತ್ತ ನಿಂತಿದ್ದ. ಬಾಯಾರಿದ ಹತ್ತು ಒಂಟೆಗಳಿಗೆ ನೀರು ಸೇದುವುದೆಂದರೆ ತೋಳು ಸೋಲುವ ಕೆಲಸ. ಮೂಕಪ್ರಾಣಿಯ ಮೇಲಿನ ಪ್ರೀತಿಯೆಂದರೆ ಸೇದಿದ ನೀರು, ಬಾಚಿದ ಸಗಣಿ, ನಡುರಾತ್ರಿಯಲ್ಲಿ ಎದ್ದು ನೋಡಿದ ಕಣ್ಣು.

ನಮ್ಮ ಸೀಮೆಯ ಹೋರಿ ಹಬ್ಬವನ್ನೇ ನೆನೆಯಿರಿ. ದೀಪಾವಳಿಯ ಹೊತ್ತಿಗೆ ಸೊರಬ, ಶಿಕಾರಿಪುರಗಳಲ್ಲಿ ಹೋರಿಯನ್ನು ಮನೆಮಗನಂತೆ ಸಾಕಿ, ಹುರುಳಿ ತಿನ್ನಿಸಿ, ಮೈ ತಿಕ್ಕಿ, ಕೊಬ್ಬರಿ ಹಾರದಿಂದಲೂ ಬಲೂನುಗಳಿಂದಲೂ ಸಿಂಗರಿಸುತ್ತಾರೆ. ಆ ಅಕ್ಕರೆ ಸುಳ್ಳಲ್ಲ. ಆದರೆ ಅದೇ ಹೋರಿಯನ್ನು ಕೇಕೆಯ ನಡುವೆ, ಮೈಮೇಲೆ ಬೀಳುವ ಗುಂಪಿನ ನಡುವೆ ಓಡಿಸುವಾಗ ಅದಕ್ಕೆ ಏನಾಗುತ್ತದೆಂದು ಎಷ್ಟು ಜನ ಕೇಳಿಕೊಳ್ಳುತ್ತಾರೆ? ಆ ನೂಕುನುಗ್ಗಲಿನಲ್ಲಿ ಜನರೂ ಜೀವ ಕಳೆದುಕೊಂಡದ್ದುಂಟು. ನಮ್ಮ ಹೆಮ್ಮೆಗಾಗಿ ಪ್ರಾಣಿಯನ್ನು ಮೆಚ್ಚುವುದು ಬೇರೆ, ಅದರ ಒಳಿತಿಗಾಗಿ ಅದನ್ನು ನೋಡಿಕೊಳ್ಳುವುದು ಬೇರೆ. ಆರೈಕೆಯ ಕೆಲಸಕ್ಕೆ ಬೇಕಾದದ್ದು ಎರಡನೆಯದು.

ಹಾಗಾದರೆ ಸಿದ್ಧತೆ ಹೇಗಿರಬೇಕು? ಉತ್ತರಗಳನ್ನು ಸಿದ್ಧಪಡಿಸುವ ಬದಲು ತನ್ನನ್ನೇ ಸಿದ್ಧಪಡಿಸಿಕೊಳ್ಳುವುದು. ಸಂದರ್ಶನಕ್ಕೆ ಹತ್ತು ದಿನವಿದ್ದರೆ, ಊರಿನ ಪಶು ಆಸ್ಪತ್ರೆಯ ವೈದ್ಯರ ಅನುಮತಿ ಪಡೆದು ಕೆಲವು ದಿನ ಅಲ್ಲಿ ನಿಂತು ನೋಡಿ. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಹಸುವನ್ನು ಹಿಡಿಯಲು ನೆರವಾಗಿ. ಮನೆಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ತಿಳಿದುಕೊಳ್ಳಿ, ನೆರೆಯವರಿಗೂ ತಿಳಿಸಿ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು. ಇವು ಪ್ರಾಣಿಯ ಜೊತೆಗೆ ಆರೈಕೆ ಮಾಡುವವರ ಜೀವವನ್ನೂ ಉಳಿಸುವ ಸಂಗತಿಗಳು.

ಸೊರಬದವರಿಗಂತೂ ಈ ಪಾಠವನ್ನು ಹೊರಗಿನಿಂದ ತರಬೇಕಾಗಿಲ್ಲ. 1957ರಲ್ಲಿ ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರ ವೈರಸ್ಸನ್ನು ಪತ್ತೆಹಚ್ಚಿದರು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗ ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರಿನಲ್ಲೇ ಇದೆ. ಅದನ್ನು ಹರಡುವುದು ಕಾಡಿನ ಉಣುಗು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದನ್ನು ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಆ ಸಾವು ಊರಿಗೆ ಬಂದ ಎಚ್ಚರಿಕೆ. ಪ್ರಾಣಿಯ ಆರೋಗ್ಯ, ಮನುಷ್ಯನ ಆರೋಗ್ಯ, ಕಾಡಿನ ಆರೋಗ್ಯ ಒಂದೇ ಹಗ್ಗದ ಮೂರು ಎಳೆಗಳು. ವಿಶ್ವಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಪರಿಪತ್ರದಲ್ಲಿ ಸಾರಿದ್ದೂ ಸೃಷ್ಟಿಯಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂಬುದನ್ನೇ.

'ಈ ಕೆಲಸ ನಿಮಗೆ ಏಕೆ ಬೇಕು?' ಎಂಬುದು ಇನ್ನೊಂದು ಪ್ರಶ್ನೆ. ಸಂಬಳಕ್ಕಾಗಿ ಎಂದು ಹೇಳಲು ಹಿಂಜರಿಕೆ. ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಒಳ್ಳೆಯ ಕುರಿಗಾಹಿಯನ್ನೂ ಕೂಲಿಯಾಳನ್ನೂ ಎದುರುಬದುರು ನಿಲ್ಲಿಸಿರುವುದರಿಂದ, ಕೂಲಿಗಾಗಿ ದುಡಿಯುವುದೇ ಕೀಳೆಂಬ ಭಾವನೆ ಕೆಲವರಿಗಿದೆ. ಅದು ಸರಿಯಲ್ಲ. ದುಡಿಮೆಗಾರನು ಕೂಲಿಗೆ ಅರ್ಹನೆಂದು ಹೇಳಿದವರೂ ಅದೇ ಪ್ರಭುವೇ. ಆ ಕೂಲಿಯಾಳಿನ ದೋಷ ಕೂಲಿ ಪಡೆದದ್ದಲ್ಲ, ತೋಳ ಬಂದಾಗ ಓಡಿಹೋದದ್ದು. ಯಕೋಬನೂ ಲಾಬಾನನ ಬಳಿ ಇಪ್ಪತ್ತು ವರ್ಷ ಕೂಲಿಗೇ ದುಡಿದ. ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ಸಹಿಸಿ, ನಿದ್ದೆಗೆಟ್ಟು ಮಂದೆಯನ್ನು ಕಾದ. ಕಾಡುಮೃಗಗಳ ಬಾಯಿಗೆ ಬಿದ್ದ ಕುರಿಯ ನಷ್ಟವನ್ನು ತಾನೇ ಹೊತ್ತ. ಆದುದರಿಂದ 'ನಮ್ಮ ಮನೆಗೆ ಈ ಸಂಬಳ ಬೇಕಾಗಿದೆ, ಅದಕ್ಕೆ ತಕ್ಕ ದುಡಿಮೆಯನ್ನು ನಾನು ಕೊಡಬಲ್ಲೆ' ಎನ್ನುವುದು ಗೌರವದ ಉತ್ತರ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ: ಉಳಿಸಲಾಗದ ಪ್ರಾಣಿಯನ್ನು ವೈದ್ಯರು ಕೊನೆಗಾಣಿಸಬೇಕಾಗಿ ಬಂದಾಗ ನೀವು ಅದನ್ನು ಹಿಡಿದುಕೊಂಡು ನಿಲ್ಲಬಲ್ಲಿರಾ? 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ, ರೋಗ ಹರಡದಂತೆ ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಆ ಕೆಲಸ ಮಾಡಿದ ಕೈಗಳೂ ಆರೈಕೆಯ ಕೈಗಳೇ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳು ದೇವರ ಸೃಷ್ಟಿಯೆಂದೂ ಅವುಗಳಿಗೆ ನಾವು ದಯೆ ತೋರಲು ಬದ್ಧರೆಂದೂ ಬೋಧಿಸುತ್ತದೆ. ನ್ಯಾಯವಾದ ಅಗತ್ಯಕ್ಕೆ ಅವುಗಳನ್ನು ಬಳಸಬಹುದು, ಆದರೆ ಅನಾವಶ್ಯಕವಾಗಿ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ತಕ್ಕುದಲ್ಲ ಎನ್ನುತ್ತದೆ. 'ಅನಾವಶ್ಯಕ' ಎಂಬ ಆ ಒಂದು ಪದದ ಮುಂದೆ ಅಭ್ಯರ್ಥಿ ಮೊದಲೇ ಒಮ್ಮೆ ಏಕಾಂತದಲ್ಲಿ ಕುಳಿತಿರಬೇಕು. ತನ್ನಿಂದ ಆಗದೆನಿಸಿದರೆ ಹಾಗೆಂದೇ ಹೇಳಲಿ. ಆಗುತ್ತದೆನಿಸಿದರೆ, ಕೊನೆಯ ಗಳಿಗೆಯಲ್ಲೂ ಆ ಪ್ರಾಣಿ ಹೆದರದಂತೆ ಮೃದುವಾಗಿ ಹಿಡಿಯುವೆನೆಂದು ಹೇಳಲಿ.

ಕೇಳುವ ಹಕ್ಕು ಅಭ್ಯರ್ಥಿಗೂ ಉಂಟು. ಒಬ್ಬನ ಪಾಲಿಗೆ ಎಷ್ಟು ಪ್ರಾಣಿಗಳು? ರಾತ್ರಿ ಯಾರಿರುತ್ತಾರೆ? ಕಾಯಿಲೆ ಬಿದ್ದರೆ ವೈದ್ಯರು ಎಷ್ಟು ಬೇಗ ಬರುತ್ತಾರೆ? ವಿನಯದಿಂದ ಕೇಳಿದ ಇಂಥ ಪ್ರಶ್ನೆ ಆ ಕೋಣೆಯಲ್ಲಿಲ್ಲದ ಮೂಕಜೀವಿಯ ಪರವಾಗಿ ಆಡಿದ ಮಾತು.

ತಂದೆತಾಯಿಗಳೇ, ಅಜ್ಜ-ಅಜ್ಜಿಯರೇ, ನಿಮಗೂ ಒಂದು ಮಾತು. ಸಗಣಿ ಬಾಚುವ ಕೆಲಸವೆಂದು ಹಳಿಯಬೇಡಿ. ಪೆರು ದೇಶದ ಲೀಮಾ ನಗರದಲ್ಲಿ 1579ರಲ್ಲಿ ಹುಟ್ಟಿದ ಸಂತ ಮಾರ್ಟಿನ್ ಡಿ ಪೋರೆಸರು ಮಠದಲ್ಲಿ ಕಸ ಗುಡಿಸುತ್ತಾ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಹೋದರರು. ಬೀದಿಯ ಕಾಯಿಲೆಯ ನಾಯಿ, ಬೆಕ್ಕುಗಳಿಗೂ ಅವರು ಆಸರೆಯಾಗಿದ್ದರು. ಅವರನ್ನು ಧರ್ಮಸಭೆ 1962ರಲ್ಲಿ ಸಂತರೆಂದು ಘೋಷಿಸಿತು. ಲೋಕದ ರಕ್ಷಕನನ್ನೇ ಮೊದಲು ಮಲಗಿಸಿದ್ದು ದನಗಳು ಮೇವು ತಿನ್ನುವ ಗೋದಲಿಯಲ್ಲಿ. ಅದನ್ನು ಪ್ರತಿ ಕ್ರಿಸ್ಮಸ್ಸಿಗೂ ಅಲಂಕರಿಸುವ ನಮಗೆ ಕೊಟ್ಟಿಗೆಯ ಕೆಲಸ ಅವಮಾನವಾಗುವುದು ಹೇಗೆ?

ಕಡೆಗೆ ಒಂದು ನೇರ ಮಾತು. ಸತ್ಯ ಹೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಬಡಾಯಿ ಕೊಚ್ಚಿದವನು ಆಯ್ಕೆಯಾಗಿ, ನಿಮ್ಮ ಮಗಳು ಬರಿಗೈಯಲ್ಲಿ ಸಂಜೆಯ ಬಸ್ಸು ಹತ್ತಬೇಕಾಗಬಹುದು. ಸಂಬಳವನ್ನೇ ನೆಚ್ಚಿಕೊಂಡ ಮನೆಗೆ ಅದು ಸಣ್ಣ ನಷ್ಟವಲ್ಲ. ಆದರೂ ಹೇಳುತ್ತೇನೆ, ಸತ್ಯವನ್ನೇ ಹೇಳಲಿ. ಸುಳ್ಳು ಹೇಳಿ ಒಳಹೊಕ್ಕವನು ದಿನವೂ ಬೆಳಿಗ್ಗೆ ಆ ಸುಳ್ಳನ್ನು ಹೊತ್ತುಕೊಂಡೇ ಮೂಕಪ್ರಾಣಿಯ ಮುಂದೆ ನಿಲ್ಲಬೇಕು. ಅವನು ಕಲಿತಿಲ್ಲದ್ದರ ನೋವನ್ನು ಅದು ಉಣ್ಣಬೇಕು. ನಿಜವನ್ನಾಡಿ ಹಿಂದಿರುಗಿದವಳ ಬಳಿ ಕಲಿತದ್ದು ಕಲಿತಂತೆಯೇ ಇರುತ್ತದೆ, ಮುಂದಿನ ಕರೆಗೆ ಅದು ಇನ್ನಷ್ಟು ಗಟ್ಟಿಯಾಗಿರುತ್ತದೆ.

ಆದುದರಿಂದ ಸಂದರ್ಶನದ ಹಿಂದಿನ ಸಂಜೆ ಪುಸ್ತಕ ಮುಚ್ಚಿಟ್ಟು ಒಮ್ಮೆ ಕೊಟ್ಟಿಗೆಗೆ ಹೋಗಿ. ಹಸುವಿಗೆ ನೀರಿಟ್ಟು, ಹುಲ್ಲು ಹಾಕಿ, ಅದರ ಕಣ್ಣೆದುರು ನಿಂತು ನಾಳೆ ಹೇಳಬೇಕೆಂದಿರುವ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿ. ಅದರ ಮುಂದೆ ಹೇಳಲು ನಾಚಿಕೆಯೆನಿಸುವ ಮಾತಿದ್ದರೆ ಅದನ್ನು ಬಿಟ್ಟುಬಿಡಿ. ಉಳಿದದ್ದನ್ನು ತಲೆಯೆತ್ತಿ ಹೇಳಿ. ಮಾತು ಬಾರದ ಜೀವಗಳನ್ನೂ ಮಾತು ಬಲ್ಲ ನಮ್ಮನ್ನೂ ಒಂದೇ ಕೈಯಿಂದ ಸೃಷ್ಟಿಸಿದ ದೇವರು ನಿಮ್ಮ ನಾಲಿಗೆಯನ್ನೂ ನಿಮ್ಮ ದುಡಿಮೆಯನ್ನೂ ಹರಸಲಿ.